ನುಡಿ ಕಲಿಸುವುದು ಸಹವಾಸ

ಕನ್ನಡತನವು ಹುಟ್ಟಿನೊಡನೆಯೇ ಬರುವುದೆಂದು ಅನೇಕರ ನಂಬಿಕೆ. ವರಕವಿ ಬೇಂದ್ರೆಯವರ ಬಾಳು ಈ ನಂಬಿಕೆಯನ್ನು ಅಲುಗಿಸುತ್ತದೆ. 1896ರಲ್ಲಿ ಧಾರವಾಡದಲ್ಲಿ ಜನಿಸಿದ ಅವರ ಮನೆಮಾತು ಮರಾಠಿ. ಊರಿನ ಓಣಿ, ಶಾಲೆ, ಜಾತ್ರೆ, ಗೆಳೆಯರು ಅವರಿಗೆ ಕನ್ನಡವನ್ನಿತ್ತರು. 1973ರ ಜ್ಞಾನಪೀಠ ಪ್ರಶಸ್ತಿಯು ಆ ಕನ್ನಡ ಕಾವ್ಯಕ್ಕೆ ಸಂದಿತು. ತಮಿಳು ಮನೆಮಾತಿನ ಮಾಸ್ತಿಯವರು ಕನ್ನಡದ ಆಸ್ತಿಯೆನಿಸಿದರು.

ಈ ನಿಯಮವು ಎರಡಲಗಿನ ಕತ್ತಿ. ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ ನಮ್ಮ ಮಕ್ಕಳ ಓಣಿ ಮರಾಠಿಯದು, ಆಟ ಮರಾಠಿಯದು. ಅನ್ನವಿತ್ತ ನೆಲದ ನುಡಿಯನ್ನು ಅವರು ಕಲಿಯುವುದು ಸಂತೋಷವೇ ಸರಿ. ಆದರೆ ಅವರಿಗೆ ಕನ್ನಡದ ಸಹವಾಸ ಎಲ್ಲಿಂದ ಬರಬೇಕು?

ನಾಸಿಕದ ಗೋದಾವರಿಯನ್ನು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯೆಂದಿತು. ಸಂಭಾಜಿನಗರದ ಸಮೀಪದ ಎಲ್ಲೋರದಲ್ಲಿ ಕೈಲಾಸ ದೇವಾಲಯವನ್ನು ಕಡೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಆ ಹೆಮ್ಮೆ ನಮಗಿರಲಿ. ಆದರೆ ಕಲ್ಲು ಮಗುವಿಗೆ ಮಾತು ಕಲಿಸದು. ತಾಯಿಯ ಕಥೆ, ಅಜ್ಜಿಯ ಗಾದೆ ಕಲಿಸುತ್ತವೆ. ಊರು ಬಿಟ್ಟು ಬಂದ ಹೋಟೆಲಿನ ಹುಡುಗನಿಗೆ ಅಡಿಗೆಭಟ್ಟನೂ ಯಜಮಾನನೂ ಮನೆಯವರೇ. ಅವರ ನಯವೂ ಬೈಗಳೂ ಅವನಿಗೆ ಸಮಾನವಾಗಿ ಅಂಟುತ್ತವೆ.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ. ರಾತ್ರಿಯ ಊಟದ ಹೊತ್ತಿನಲ್ಲಾದರೂ ಮಕ್ಕಳೊಡನೆ ಕನ್ನಡವಾಡಿರಿ. ಪತ್ರಿಕೆಯ ಒಂದು ಸುದ್ದಿಯನ್ನು ಅವರಿಂದ ಓದಿಸಿ ಕೇಳಿರಿ. ಕೆಲಸದ ಹುಡುಗನನ್ನು ಒಳ್ಳೆಯ ಕನ್ನಡದಲ್ಲಿ ಕರೆಯಿರಿ. ಇದಕ್ಕೆ ಹಣ ಬೇಡ, ಕಟ್ಟಡ ಬೇಡ. ದಿನಕ್ಕೆ ಅರ್ಧ ಗಂಟೆ ಸಾಕು.