ಬಾಗಿದ ಚೌಕಟ್ಟು, ಸೀಳಿದ ಗಾಜು

ಕಳೆದ ಮಳೆಗಾಲದಲ್ಲಿ ಮೊದಲನೆಯ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿಯೊಬ್ಬನು ನಮ್ಮ ಪ್ರಯೋಗಶಾಲೆಗೆ ಬಂದು ತನ್ನ ಸ್ಮಾರ್ಟ್‌ಫೋನನ್ನು ಮೇಜಿನ ಮೇಲಿಟ್ಟನು. ಅದು ಅಲ್ಲಿ ಸಮನಾಗಿ ಕೂರಲಿಲ್ಲ; ಬೆರಳು ತಾಕಿಸಿದರೆ ತೊಟ್ಟಿಲಿನಂತೆ ತೂಗುತ್ತಿತ್ತು. ಹಿಂದಿನ ಜೇಬಿನಲ್ಲಿ ಅದನ್ನಿಟ್ಟುಕೊಂಡು ಬಸ್ಸಿನ ಸೀಟಿನ ಮೇಲೆ ಧೊಪ್ಪನೆ ಕುಳಿತದ್ದರ ಫಲವಿದು. ಚೌಕಟ್ಟು ಬಾಗಿತ್ತು, ಪರದೆ ಜೇಡರ ಬಲೆಯಾಗಿತ್ತು. ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಪ್ರವೇಶಪತ್ರ, ಪಾಠದ ಟಿಪ್ಪಣಿಗಳು ಎಲ್ಲವೂ ಅದರೊಳಗೆಯೇ ಇದ್ದವು. “ಹೊಸದಕ್ಕೆ ಮನೆಯಲ್ಲಿ ಕೇಳುವಂತಿಲ್ಲ, ಸಾರ್. ವೈಸಿನಲ್ಲಿಟ್ಟು ಅದುಮಿದರೆ ನೆಟ್ಟಗಾಗುವುದಿಲ್ಲವೆ?” ಎಂದು ಕೇಳಿದನು.

ನಾನು ನಗಲಿಲ್ಲ. ಎರಡು ವರ್ಷ ಹಿಂದೆ ನನ್ನದೇ ಫೋನು ಬಾಗಿದಾಗ ಅದನ್ನು ಕೈಯಿಂದಲೇ ಹಿಂದಕ್ಕೆ ಬಗ್ಗಿಸಿ, ಕಣ್ಣಳತೆಯಲ್ಲಿ ನೆಟ್ಟಗಾಯಿತೆಂದು ತೃಪ್ತಿಪಟ್ಟು, ಹೊಸ ಪರದೆಯನ್ನು ಕೂಡಿಸಿದ್ದೆನು. ಮೂರನೆಯ ದಿನ ಬೆಳಗ್ಗೆ ನೋಡಿದರೆ ಹೊಸ ಗಾಜಿನಲ್ಲಿ ಒಂದು ಮೂಲೆಯಿಂದ ಎದುರು ಅಂಚಿನವರೆಗೆ ಸೀಳು! ರಾತ್ರಿಯಿಡೀ ಫೋನು ಮೇಜಿನ ಮೇಲೆಯೇ ಇದ್ದಿತು. ಯಾರೂ ಅದನ್ನು ಮುಟ್ಟಿರಲಿಲ್ಲ. ಯಾರೂ ಮುಟ್ಟದ ಗಾಜು ತಾನಾಗಿ ಒಡೆಯುವುದೆಂದರೇನು? ಇದನ್ನು ಬಿಡಿಸಲು ಲೋಹ ಮತ್ತು ಗಾಜುಗಳ ಸ್ವಭಾವವನ್ನು ತುಸು ಪರಿಶೀಲಿಸಬೇಕಾಗುವುದು.

ಮೊದಲು ಒಂದು ವಿಚಿತ್ರವನ್ನು ಗಮನಿಸಿರಿ. ಅನೇಕ ಫೋನುಗಳ ಚೌಕಟ್ಟು ಅಲ್ಯುಮಿನಿಯಂ ಮಿಶ್ರಲೋಹದ್ದು. ಅಲ್ಯುಮಿನಿಯಮ್ಮಿನ ಯಂಗ್ ಗುಣಾಂಕವು ಚದರ ಮೀಟರಿಗೆ ಸುಮಾರು 7,000 ಕೋಟಿ ನ್ಯೂಟನ್. ಗಾಜಿನದೂ ಹೆಚ್ಚುಕಡಮೆ ಅಷ್ಟೇ. ಎಂದರೆ ಒಂದೇ ಅಳತೆಯ ಎರಡು ಪಟ್ಟಿಗಳನ್ನು ಹಿಡಿದು ಮೆಲ್ಲನೆ ಬಗ್ಗಿಸಿದರೆ ಎರಡೂ ಸಮನಾಗಿ ಮಣಿಯುವುವು, ಬಿಟ್ಟರೆ ಎರಡೂ ಮೊದಲಿನಂತಾಗುವುವು. ಭೇದವು ತೋರುವುದು ಬಲವನ್ನು ಇನ್ನೂ ಹೆಚ್ಚಿಸಿದಾಗ. ಲೋಹವು ಬಾಗಿಯೇ ಉಳಿಯುತ್ತದೆ, ಗಾಜು ಸಿಡಿಯುತ್ತದೆ.

ಲೋಹದ ಪರಮಾಣುಗಳು ಸಾಲುಸಾಲಾಗಿ ಜೋಡಣೆಗೊಂಡಿರುವುವಷ್ಟೆ. ಒಂದು ಸಾಲು ಇನ್ನೊಂದರ ಮೇಲೆ ಇಡಿಯಾಗಿ ಜಾರಬೇಕಾದರೆ ಅಪಾರ ಬಲ ಬೇಕು. ಆದರೆ ನಿಜವಾದ ಲೋಹಗಳು ಅದರ ಅಲ್ಪಾಂಶಕ್ಕೇ ಮಣಿಯುತ್ತವೆ. ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು 1934ರಲ್ಲಿ ಬೇರೆಬೇರೆಯಾಗಿ ಇದಕ್ಕೆ ಒಂದೇ ಉತ್ತರವನ್ನು ಕೊಟ್ಟರು. ದೊಡ್ಡ ಜಮಖಾನೆಯನ್ನು ನೆಲದ ಮೇಲೆ ಒಂದು ಗೇಣು ಸರಿಸಬೇಕಾದರೆ ಜಾಣನು ಅದನ್ನು ಇಡಿಯಾಗಿ ಎಳೆಯುವುದಿಲ್ಲ. ಒಂದು ತುದಿಯಲ್ಲಿ ಸುಕ್ಕನ್ನೆಬ್ಬಿಸಿ ಆ ಸುಕ್ಕನ್ನೇ ಇನ್ನೊಂದು ತುದಿಗೆ ತಳ್ಳಿಕೊಂಡು ಹೋಗುತ್ತಾನೆ. ಲೋಹದ ಪರಮಾಣುಸಾಲುಗಳಲ್ಲಿಯೂ ಇಂಥ ಸುಕ್ಕುಗಳುಂಟು. ಅವು ಸರಿದಾಗ ಲೋಹವು ಬಾಗುವುದು. ಬಾಗಿಸಿದಷ್ಟೂ ಸುಕ್ಕುಗಳು ಹೆಚ್ಚಿ ಒಂದಕ್ಕೊಂದು ತೊಡರಿಕೊಳ್ಳುವುದರಿಂದ ಲೋಹವು ಬಿರುಸಾಗುವುದು. ತಂತಿಯೊಂದನ್ನು ಹಿಂದೆ ಮುಂದೆ ನಾಲ್ಕಾರು ಸಲ ಬಗ್ಗಿಸಿ ಮುರಿದವರಿಗೆಲ್ಲ ಇದರ ಅನುಭವವಿದೆ. ಚೌಕಟ್ಟನ್ನು ನೆಟ್ಟಗೆ ಮಾಡುವವನಿಗೆ ಸಿಕ್ಕುವ ಅವಕಾಶಗಳು ಹಲವಲ್ಲವೆಂಬುದು ಇದರಿಂದಲೇ ಸ್ಪಷ್ಟ.

ಅದರ ಮೇಲೆ ಇನ್ನೊಂದು ತೊಡಕು. ಬಾಗಿಸಿ ಬಿಟ್ಟ ಲೋಹವು ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಆದುದರಿಂದ ವೈಸಿನ ಎರಡು ಚಪ್ಪಟೆ ದವಡೆಗಳ ನಡುವೆ ಅದುಮಿದ ಚೌಕಟ್ಟು ಹಿಡಿತದಲ್ಲಿರುವವರೆಗೆ ನೆಟ್ಟಗಿದ್ದು, ಬಿಟ್ಟೊಡನೆ ಮತ್ತೆ ಕೊಂಚ ಬಾಗುವುದು. ನೇರದ ಗೆರೆಯನ್ನು ಕೊಂಚ ದಾಟಿಸಿ ಬಗ್ಗಿಸಿದರೆ ಮಾತ್ರ ಅದು ಹಿಂದಿರುಗಿ ನೇರಕ್ಕೆ ಬಂದು ನಿಲ್ಲುತ್ತದೆ.

ಚೌಕಟ್ಟು ಬಾಗುವ ಜಾಗವೂ ಆಕಸ್ಮಿಕವಲ್ಲ. ಪಟ್ಟಿಯೊಂದರ ಬಿಗುಪು ದಪ್ಪದ ಘನಕ್ಕೆ ಅನುಗುಣವಾಗಿರುತ್ತದೆ. 10 ಮಿಲಿಮೀಟರಿನ ಹಲಗೆಯನ್ನು 7 ಮಿಲಿಮೀಟರಿಗೆ ಇಳಿಸಿದರೆ ಬಿಗುಪು ಸುಮಾರು ಮೂರನೆಯ ಒಂದು ಪಾಲಿಗೆ ಇಳಿಯುವುದು. ಗುಂಡಿಗಳಿಗಾಗಿ ಪಕ್ಕದಲ್ಲಿ ಕೊರೆದ ರಂಧ್ರಗಳಿಂದ ಅಲ್ಲಿ ಲೋಹ ಇನ್ನೂ ಕಡಮೆಯಾಗುತ್ತದೆ. 2014ರಲ್ಲಿ ಬಂದ ಐಫೋನ್ 6 ಪ್ಲಸ್ ಎಂಬ ತೆಳು ಫೋನು ಜೇಬಿನಲ್ಲಿ ಬಾಗುವುದೆಂದು ಲೋಕವೆಲ್ಲ ಗುಲ್ಲೆದ್ದಾಗ ಬಾಗು ಕಂಡದ್ದು ಧ್ವನಿಯ ಗುಂಡಿಗಳ ಬಳಿಯಲ್ಲಿಯೇ. ಮರುವರ್ಷದ ಮಾದರಿಗೆ ಆಪಲ್ ಕಂಪೆನಿಯು ಇನ್ನೂ ಗಟ್ಟಿಯಾದ, 7000ನೆಯ ಶ್ರೇಣಿಯ ಅಲ್ಯುಮಿನಿಯಂ ಮಿಶ್ರಲೋಹವನ್ನು ಬಳಸಿತು.

ಇನ್ನು ಗಾಜು. ಇದರ ಪರಮಾಣುಗಳಿಗೆ ಸಾಲಿನ ಶಿಸ್ತಿಲ್ಲ, ಆದ್ದರಿಂದ ಜಾರುವ ಸುಕ್ಕೂ ಇಲ್ಲ. ಹಾಗೆಂದು ಗಾಜು ದುರ್ಬಲವೆಂದು ತಿಳಿಯಬಾರದು. ಇಂಗ್ಲೆಂಡಿನ ಗ್ರಿಫಿತ್ ಎಂಬ ಎಂಜಿನಿಯರು 1920ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೂದಲಿಗಿಂತ ಎಷ್ಟೋ ತೆಳುವಾದ ಗಾಜಿನ ಎಳೆಗಳು ದಪ್ಪ ಗಾಜಿಗಿಂತ ಹತ್ತು ಪಟ್ಟಿಗೂ ಮೀರಿದ ಎಳೆತವನ್ನು ತಡೆದುವು. ದಪ್ಪ ಗಾಜನ್ನು ಕೆಡಿಸುವುದು ಅದರ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳು. ಗೀರಿನ ತುದಿಯಲ್ಲಿ ಎಳೆತವು ರಾಶಿಗೊಳ್ಳುತ್ತದೆ; ಒಂದು ಮಿತಿ ಮೀರಿದರೆ ಗೀರು ತಾನೇ ಓಡತೊಡಗುತ್ತದೆ. ಗಾಜಿನಂಗಡಿಯವನು ವಜ್ರದ ಮೊನೆಯಿಂದ ಒಂದು ಗೆರೆಯೆಳೆದು, ಲಟಕ್ಕನೆ ಮುರಿಯುವುದೂ ಇದೇ ಉಪಾಯದಿಂದ.

ಗೀರನ್ನು ಪೂರ್ತಿಯಾಗಿ ತಪ್ಪಿಸಲಾಗದು. ಅದರ ಬಾಯಿಯನ್ನು ಸದಾ ಮುಚ್ಚಿಟ್ಟಿದ್ದರೆ ಸಾಕಲ್ಲವೆ? ಫೋನಿನ ಗಾಜಿಗೆ ಮಾಡುವ ಸಂಸ್ಕಾರವು ಅದೇ. ಸೋಡಿಯಮ್ಮಿರುವ ಗಾಜನ್ನು ಸುಮಾರು 400 ಡಿಗ್ರಿ ಸೆಲ್ಸಿಯಸ್ ಕಾವಿನ ಕರಗಿದ ಪೊಟ್ಯಾಸಿಯಂ ನೈಟ್ರೇಟಿನಲ್ಲಿ ಮುಳುಗಿಸುತ್ತಾರೆ. ಮೈಮೇಲಿನ ಸೋಡಿಯಂ ಅಯಾನುಗಳು ಹೊರಬಂದು, ಅವುಗಳಿಗಿಂತ ದೊಡ್ಡವಾದ ಪೊಟ್ಯಾಸಿಯಂ ಅಯಾನುಗಳು ಅವುಗಳ ಸ್ಥಾನದಲ್ಲಿ ಸೇರಿಕೊಳ್ಳುವುವು. ಬಸ್ಸಿನ ಸೀಟಿನಿಂದ ಮೂವರು ಸಣಕಲರನ್ನು ಎಬ್ಬಿಸಿ ಮೂವರು ಸ್ಥೂಲಕಾಯರನ್ನು ಕೂರಿಸಿದಂತೆ! ಹೊರಪದರವು ಇಕ್ಕಟ್ಟಿನಿಂದ ಅದುಮಿಕೊಂಡಿರುವುದರಿಂದ ಗೀರುಗಳ ಬಾಯಿ ತೆರೆಯುವುದಿಲ್ಲ. ಆದರೆ ಈ ಪದರದ ಆಳ ಮಿಲಿಮೀಟರಿನ ನೂರರಲ್ಲಿ ಕೆಲವೇ ಪಾಲು. ಅದನ್ನು ದಾಟಿದ ಗೀರಿಗೆ ತಡೆಯಿಲ್ಲ. ಬದಲಿಯಾಗಿ ಮಾರುವ ಅಗ್ಗದ ಗಾಜುಗಳೆಲ್ಲ ಈ ಸಂಸ್ಕಾರವನ್ನು ಪಡೆದಿರುತ್ತವೆಂದು ನಂಬುವಂತೆಯೂ ಇಲ್ಲ.

ಈಗ ನನ್ನ ಫೋನಿಗೆ ಬರೋಣ. ಉಳಿದಿದ್ದ ಬಾಗೇ ಗಾಜನ್ನು ಒಡೆಯಿತೆಂದು ನಾನು ಮೊದಲು ಊಹಿಸಿದೆನು. ಲೆಕ್ಕ ಮಾಡಿದಾಗ ಆ ಊಹೆ ನಿಲ್ಲಲಿಲ್ಲ. 150 ಮಿಲಿಮೀಟರ್ ಉದ್ದದ ಫೋನಿನ ನಡುವೆ 1 ಮಿಲಿಮೀಟರ್ ಉಬ್ಬಿದೆಯೆನ್ನಿ. ಆ ಬಾಗಿನ ವೃತ್ತದ ತ್ರಿಜ್ಯ ಸುಮಾರು 2,800 ಮಿಲಿಮೀಟರ್. 0.6 ಮಿಲಿಮೀಟರ್ ದಪ್ಪದ ಗಾಜಿನ ಮೈ ಇದರಿಂದ ಹಿಗ್ಗುವುದು ಹತ್ತು ಸಾವಿರದಲ್ಲಿ ಒಂದು ಪಾಲು. ಅದಕ್ಕೆ ತಕ್ಕ ಎಳೆತ ಚದರ ಮೀಟರಿಗೆ ಸುಮಾರು 75 ಲಕ್ಷ ನ್ಯೂಟನ್. ಗಾಜಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಬಾಗು ಹೀಗೆ ಉದ್ದಕ್ಕೂ ಹಂಚಿಹೋಗದೆ ಗುಂಡಿಯ ಬಳಿ 20 ಮಿಲಿಮೀಟರಿನೊಳಗೆ 2 ಡಿಗ್ರಿಯಷ್ಟು ಕೇಂದ್ರೀಕರಿಸಿದರೆ ಎಳೆತ ಐದು ಪಟ್ಟಾಗುವುದು. ಅಂಚಿನಲ್ಲಿ ಯಾವುದೋ ಒಂದು ಬಿಂದು ಒತ್ತುತ್ತಿದ್ದರಂತೂ ಮಾತೇ ಬೇರೆ. ಮಸೂರದಡಿಯಲ್ಲಿ ಚೌಕಟ್ಟನ್ನು ನೋಡಿದೆನು. ಸೀಳು ಹೊರಟಿದ್ದ ಮೂಲೆಯಲ್ಲಿಯೇ ಸಾಸಿವೆಗಿಂತ ಚಿಕ್ಕದಾದ ಲೋಹದ ಮುಳ್ಳೊಂದು ಎದ್ದು ನಿಂತಿತ್ತು. ನಾನು ಚೌಕಟ್ಟಿನ ಬಾಗನ್ನು ನೋಡಿದ್ದೆನೇ ಹೊರತು ಅದರ ಅಂಚನ್ನು ನೋಡಿರಲಿಲ್ಲ.

ಹಾಗಾದರೆ ಅದು ಅಂಟಿಸಿದ ಕ್ಷಣದಲ್ಲಿಯೇ ಏಕೆ ಒಡೆಯಲಿಲ್ಲ? ಇಲ್ಲಿ ಅಪರಾಧಿಯು ಗಾಳಿಯಲ್ಲಿರುವ ನೀರಾವಿ. ಎಳೆತಕ್ಕೆ ಸಿಕ್ಕಿದ ಗೀರಿನ ತುದಿಯಲ್ಲಿ ಸಿಲಿಕಾನ್ ಮತ್ತು ಆಕ್ಸಿಜನ್ ಪರಮಾಣುಗಳ ಬಂಧವನ್ನು ನೀರಿನ ಅಣುಗಳು ಒಂದೊಂದಾಗಿ ಬಿಡಿಸುತ್ತವೆ. ಗೀರು ಗಂಟೆಗಟ್ಟಲೆ, ದಿನಗಟ್ಟಲೆ ತೆವಳುತ್ತ ಹೋಗಿ, ಗ್ರಿಫಿತ್ ಹೇಳಿದ ಮಿತಿಯನ್ನು ಮುಟ್ಟಿದೊಡನೆ ಓಡುತ್ತದೆ. ಮಲಗುವ ಮುನ್ನ ಸರಿಯಾಗಿದ್ದ ಗಾಜು ಬೆಳಗ್ಗೆ ಸೀಳಿರುವುದು ಹೀಗೆ.

ವಿದ್ಯಾರ್ಥಿಯ ಫೋನನ್ನು ವೈಸಿಗೆ ಕೊಡದಿರಲು ಇನ್ನೂ ಮುಖ್ಯವಾದ ಕಾರಣವೊಂದಿತ್ತು. ಅದು ಬ್ಯಾಟರಿ. 4,000 ಮಿಲಿಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಯಲ್ಲಿ ಅಡಗಿರುವ ಶಕ್ತಿಯು ಸುಮಾರು 53,000 ಜೂಲ್. ಒಂದು ಲೋಟ ನೀರನ್ನು ಕುದಿಬಿಂದುವಿಗೆ ಏರಿಸಲು ಸಾಕು. ಅದರ ಎರಡು ಧ್ರುವಗಳ ಹಾಳೆಗಳನ್ನು ಬೇರ್ಪಡಿಸಿರುವುದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ದಪ್ಪದ ಪ್ಲಾಸ್ಟಿಕ್ ಪೊರೆ ಮಾತ್ರ. ಬಗ್ಗಿಸುವಾಗ ಆ ಪೊರೆ ಹರಿದರೆ ಒಳಗೇ ವಿದ್ಯುತ್ತು ಹರಿದು, ಕಾವೇರಿ, ಬೆಂಕಿಯೇಳಬಹುದು. ಬ್ಯಾಟರಿ ಒಳಗಿರುವಾಗ ಬಾಗಿದ ಫೋನನ್ನು ಮಂಡಿಯ ಮೇಲಿಟ್ಟು ನೆಟ್ಟಗೆ ಮಾಡಹೊರಡುವವರನ್ನು ದಯವಿಟ್ಟು ತಡೆಯಿರಿ. ಬಾಗಿದ ಅಥವಾ ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು.

ನಾವು ಮಾಡಿದ್ದಿಷ್ಟು. ಪರಿಚಿತ ರಿಪೇರಿಗಾರನೊಬ್ಬನು ಫೋನನ್ನು ಆರಿಸಿ, ಅಂಚುಗಳಿಗೆ ಬಿಸಿಗಾಳಿ ಕೊಟ್ಟು ಅಂಟನ್ನು ಸಡಿಲಿಸಿ, ಒಡೆದ ಪರದೆಯನ್ನು ತೆಗೆದನು. ಬ್ಯಾಟರಿ, ಬೋರ್ಡು, ಕ್ಯಾಮೆರಾ ಎಲ್ಲವನ್ನೂ ಬಿಚ್ಚಿದನು. ಬೋರ್ಡನ್ನು ಬಿಚ್ಚದೆ ಚೌಕಟ್ಟನ್ನು ಬಗ್ಗಿಸಿದರೆ ಅದರ ಬೆಸುಗೆಗಳೂ ಪಿಂಗಾಣಿಯ ಕೆಪಾಸಿಟರುಗಳೂ ಬಿರಿಯುತ್ತವೆ. ಅದೃಷ್ಟವಶಾತ್ ಬೋರ್ಡಿಗೆ ಏನೂ ಆಗಿರಲಿಲ್ಲ. ಹುಡುಗನ ಕಡತಗಳೆಲ್ಲ ಉಳಿದುವು. ಬರಿದಾದ ಚೌಕಟ್ಟನ್ನು ಎರಡು ಮರದ ತುಂಡುಗಳ ಮೇಲಿಟ್ಟು, ಉಬ್ಬಿದ ಜಾಗವನ್ನು ಮೂರನೆಯ ತುಂಡಿನಿಂದ ಮೆಲ್ಲನೆ ಒತ್ತಿ, ಪ್ರತಿ ಸಲವೂ ದಪ್ಪ ಗಾಜಿನ ಹಲಗೆಯ ಮೇಲಿಟ್ಟು ಹಿಂದಿನಿಂದ ದೀಪ ಹಿಡಿದು ನೋಡಿದೆವು. ಮೂರನೆಯ ಒತ್ತಿಗೆ ಬೆಳಕಿನ ಗೆರೆ ಬಹುಮಟ್ಟಿಗೆ ಮಾಯವಾಯಿತು. ನಾಲ್ಕನೆಯದಕ್ಕೆ ನಾನು ಬಿಡಲಿಲ್ಲ. ಅಂಚಿನ ಮುಳ್ಳುಗಳನ್ನು ಸಣ್ಣ ಅರದಿಂದ ಉಜ್ಜಿ, ಲೋಹದ ಪುಡಿಯನ್ನು ಚೆನ್ನಾಗಿ ಒರೆಸಿ, ಹೊಸ ಪರದೆಯನ್ನು ಮೊದಲು ಅಂಟಿಲ್ಲದೆಯೇ ಕೂರಿಸಿ ನೋಡಿದೆವು. ಒತ್ತದೆಯೇ ಅದು ಎಲ್ಲ ಕಡೆಯೂ ಸಮನಾಗಿ ಕುಳಿತ ಮೇಲೆಯೇ ಅಂಟು. ಗಾಜು, ಸ್ಪರ್ಶಪದರ, ಚಿತ್ರಫಲಕಗಳು ಕೂಡಿಯೇ ಬರುವ ಈ ಪರದೆಗೆ ಅಂಗಡಿಯವರು ‘ಕಾಂಬೊ’ ಎನ್ನುತ್ತಾರೆ. ಖರ್ಚಿನ ಬಹುಪಾಲು ಅದರದೇ. ಬ್ಯಾಟರಿಯನ್ನೂ ಹೊಸದಾಗಿಯೇ ಹಾಕಿಸಿದೆವು.

ಫೋನಿನ ಮೂಲ ಅಂಟು ನೀರನ್ನೂ ತಡೆಯುತ್ತಿದ್ದುದರಿಂದ ಇನ್ನುಮೇಲೆ ಮಳೆಯಲ್ಲಿ ಅದನ್ನು ಹೊರತೆಗೆಯಬೇಡವೆಂದು ಹುಡುಗನಿಗೆ ಹೇಳಿ ಕಳುಹಿಸಿದೆನು. ಹತ್ತು ತಿಂಗಳಾಗಿವೆ, ಗಾಜು ಹಾಗೆಯೇ ಇದೆ. ಧ್ವನಿಯ ಗುಂಡಿ ಮಾತ್ರ ಸ್ವಲ್ಪ ಬಿಗಿಯಂತೆ. ಎರಡು ಸಲ ಒತ್ತಬೇಕಾಗುತ್ತದೆ ಎನ್ನುತ್ತಾನೆ.