ತಲೆಗೆ ಹತ್ತದ ಓದು, ಕೈಗೆ ಹತ್ತುವ ಕೆಲಸ

“ಅವನ ತಲಿಗಿ ಸಾಲಿ ಹತ್ತಂಗಿಲ್ರೀ, ಸುಮ್ಮನ ಯಾಕ ಕಳಸೂದು?” ಜತ್ತ ತಾಲೂಕಿನ ಕುಣಿಕೋಣೂರದಂಥ ಗಡಿ ಹಳ್ಳಿಗಳಲ್ಲಿ ಹೀಗೆ ಕೇಳುವ ತಂದೆತಾಯಿಯರನ್ನು ನಾವು ಬೈಯಲಾರೆವು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ.

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೆಯ ತರಗತಿಯವರೆಗೆ ಯಾರನ್ನೂ ನಪಾಸು ಮಾಡುವಂತಿರಲಿಲ್ಲ. 2019ರ ತಿದ್ದುಪಡಿ ಬಂದ ಮೇಲಷ್ಟೇ ಐದು ಮತ್ತು ಎಂಟರಲ್ಲಿ ಪರೀಕ್ಷೆ ನಡೆಸಿ ತಡೆಯಲು ರಾಜ್ಯಗಳಿಗೆ ಅವಕಾಶವಾಯಿತು. ಹೀಗಾಗಿ ಸರಿಯಾಗಿ ಓದಲು ಬಾರದೆಯೇ ಒಂಬತ್ತಕ್ಕೆ ಬಂದ ಮಕ್ಕಳು ಎಷ್ಟೋ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ತೊಡಕು ಬೇರೆ. ಅಂಥ ಹುಡುಗನನ್ನು ಹಿಂದಿನ ಬೆಂಚಿನಲ್ಲಿ ಇನ್ನೆರಡು ವರ್ಷ ಕೂಡಿಸಿದ ಮಾತ್ರಕ್ಕೆ ವಿದ್ಯೆ ಬರುವುದಿಲ್ಲ.

ಆದರೆ ಶಾಲೆ ಬಿಟ್ಟವನು ಹೋಗುವುದೆಲ್ಲಿಗೆ? ಬರದ ಸೀಮೆ ಇದು. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯುವ ಗ್ಯಾಂಗು ಹೊರಟರೆ ಮರಳುವುದು ಬೇಸಿಗೆಗೆ. ಗಂಡಹೆಂಡತಿ ಕೂಡಿ ಒಂದು ‘ಕೊಯ್ತಾ’ ಎಂದು ಲೆಕ್ಕ ಹಿಡಿದು ಮುಕಾದಮ ಮುಂಗಡ ಕೊಡುತ್ತಾನೆ. ಜೋಡಿಗೆ ಮಾತ್ರ ಬೆಲೆ ಇರುವ ಕೆಲಸದಲ್ಲಿ ಶಾಲೆ ಬಿಟ್ಟ ಹುಡುಗಿಯ ಮದುವೆಗೆ ಹದಿನೆಂಟರವರೆಗೆ ಕಾಯುವವರು ಯಾರು? ಓದು ಹತ್ತದ ಮಗಳಿಗೂ ಶಾಲೆಯ ಹಾಜರಿ ಪುಸ್ತಕ ಒಂದು ರಕ್ಷಣೆಯೇ ಎಂದು ನಮಗನಿಸುತ್ತದೆ.

ಇನ್ನೊಂದು ಲೆಕ್ಕವನ್ನೂ ಪಾಲಕರು ತಿಳಿದಿರಬೇಕು. ಐಟಿಐಯಲ್ಲಿ ವೆಲ್ಡರ್, ವೈರ್‌ಮನ್, ಹೊಲಿಗೆ ಮುಂತಾದ ತರಬೇತಿಗೆ ಎಂಟನೆಯ ತರಗತಿ ಪಾಸಾಗಿದ್ದರೆ ಸಾಕು. ಎಲೆಕ್ಟ್ರಿಷಿಯನ್, ಫಿಟ್ಟರ್ ಆಗಬೇಕಾದರೆ ಗಣಿತ, ವಿಜ್ಞಾನದೊಂದಿಗೆ ಹತ್ತನೆಯದು ಮುಗಿಸಿರಬೇಕು. ಆ ಎರಡು ವರ್ಷಗಳ ಬೆಲೆ ಇರುವುದು ಇಲ್ಲಿ. ವಿಷಯಕ್ಕೆ ನೂರಕ್ಕೆ 35 ಅಂಕ ಬಂದರೂ ಬಾಗಿಲು ತೆರೆಯುತ್ತದೆ; ಒಂದೆರಡು ವಿಷಯ ಹೋದರೆ ಪೂರಕ ಪರೀಕ್ಷೆಯೂ ಇದೆ. ಎಲ್ಲರೂ ಡಾಕ್ಟರಾಗಬೇಕೆಂದು ಯಾರು ಹೇಳಿದರು?

ಸಂತ ಜಾನ್ ಬೋಸ್ಕೊರವರು 1852ರಲ್ಲಿ ಟ್ಯೂರಿನ್ ನಗರದ ಒಬ್ಬ ಬಡಗಿಯ ಬಳಿ ಹುಡುಗನೊಬ್ಬನನ್ನು ಕೆಲಸ ಕಲಿಯಲು ಬಿಟ್ಟಾಗ ಬರೆದ ಕರಾರು ಪತ್ರ ಇಂದಿಗೂ ಇದೆ. ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕು, ಹೊಡೆಯಬಾರದು, ಹಬ್ಬ ಭಾನುವಾರಗಳಲ್ಲಿ ಬಿಡುವು ಕೊಡಬೇಕು ಎಂದು ಅದರಲ್ಲಿ ಬರೆಸಿದ್ದರು. ಗ್ಯಾರೇಜಿಗೋ ಅಂಗಡಿಗೋ ಮಗನನ್ನು ಬಿಡುವಾಗ ನಾವು ಕೇಳುವುದು ಸಂಬಳ ಎಷ್ಟು ಎಂದಷ್ಟೇ.

ಮುಕಾದಮ ಮುಂಗಡ ಹಿಡಿದು ಬಾಗಿಲಿಗೆ ಬರುವುದು ಮಳೆಗಾಲದಲ್ಲಿ. ಹತ್ತರ ಫಲಿತಾಂಶ ಬಂದು ಐಟಿಐ ಅರ್ಜಿ ತುಂಬುವುದೂ ಆ ದಿನಗಳಲ್ಲೇ. ಹಣ ಕೈಗೆ ತೆಗೆದುಕೊಳ್ಳುವ ಮೊದಲು ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ನಿನಗೆ ಯಾವ ಕೆಲಸ ಇಷ್ಟ ಎಂದು ಕೇಳಿರಿ.