ಹನ್ನೊಂದೂವರೆವರೆಗೆ ಸಂತೆ

2025ರ ಸೆಪ್ಟೆಂಬರ್ 1, ಸೋಮವಾರ. ಕೊಲ್ಹಾಪುರ ಜಿಲ್ಲೆಯ ಉದಗಾಂವದಲ್ಲಿ ಗೌರಿ ಪೂಜೆಯ ದಿನ. ಹೋಳಿಗೆ ಊಟ ಮುಗಿಸಿ ಹೆಣ್ಣುಮಕ್ಕಳು ಅಂಗಳದಲ್ಲಿ ಝಿಮ್ಮಾ ಫುಗಡಿ ಆಡಿ ದಣಿದಿದ್ದಾರೆ. ನಾಳೆ ಗೌರಿಯೊಂದಿಗೆ ಮನೆಯ ಗಣಪತಿಯನ್ನೂ ಕಳಿಸಿಕೊಡಬೇಕು. ಮಂಡಳದ ಗಣಪತಿಗೆ ಮಾತ್ರ ಇನ್ನೂ ನಾಲ್ಕೈದು ದಿನದ ವಾಸ. ಮಂಟಪದಲ್ಲಿ ಆರತಿಯಾಗಿ ಬಹಳ ಹೊತ್ತಾಗಿದೆ. ಸ್ಪೀಕರ್ ಬಂದ್. ಮೂರ್ತಿಯ ಕಾವಲಿಗೆ ಉಳಿದ ಎಂಟ್ಹತ್ತು ಹುಡುಗರು ತಾಡಪತ್ರಿಯ ಮೇಲೆ ಕಾಲು ಚಾಚಿದ್ದಾರೆ. ಬೇರೆ ವರ್ಷವಾದರೆ ಈ ಹೊತ್ತಿಗೆ ಇಸ್ಪೀಟು ಹೊರಗೆ ಬರುತ್ತಿತ್ತು. ಈವತ್ತು ಎಲ್ಲರ ಮುಖದ ಮೇಲೂ ಮೊಬೈಲಿನ ಬೆಳಕು.

ಕಾರಣ ಇಂಗ್ಲೆಂಡಿನಲ್ಲಿದೆ. ಅಲ್ಲಿಯ ಫುಟ್‌ಬಾಲ್ ಕ್ಲಬ್‌ಗಳು ಬೇಸಿಗೆಯಲ್ಲಿ ಆಟಗಾರರನ್ನು ಕೊಳ್ಳುವ, ಮಾರುವ ಸಂತೆಗೆ ಈವತ್ತೇ ಕೊನೆ. ಅಲ್ಲಿಯ ಸಂಜೆ ಏಳು ಗಂಟೆಯ ಗಡುವು ಇಲ್ಲಿಗೆ ರಾತ್ರಿ ಹನ್ನೊಂದೂವರೆ. ಅವರ ಬೇಸಿಗೆ ಅಂದರೆ ನಮ್ಮ ಮಳೆಗಾಲ. ಆಗಸ್ಟಿನಲ್ಲಿ ಏರಿ ಹೆದರಿಸಿದ್ದ ಕೃಷ್ಣೆ ಈಗ ಇಳಿದಿದ್ದಾಳೆ. ರಸ್ತೆಯ ಎರಡೂ ಬದಿ ಕಬ್ಬು ಆಳೆತ್ತರ ನಿಂತಿದೆ. ಅಂಥ ಊರಿನಲ್ಲಿ ಕುಳಿತು ಹುಡುಗರು ಲಿವರ್‌ಪೂಲ್‌ನ ಖರ್ಚಿನ ಲೆಕ್ಕ ಹಾಕುತ್ತಿದ್ದಾರೆ.

"ಬಂದ ನೋಡ್ರಪಾ ಐಸಾಕ್! ಮೆಡಿಕಲ್ ಮುಗದೈತಂತ."

"ಬರಲಿ ಬಿಡೋ. ತಿಂಗಳಗಟ್ಟಲೆ ಮುನಿಸ್ಕೊಂಡ ಕುಂತಾಂವ ಅಂವಾ. ನಾಳೆ ನಿಮ್ಮ ಟೀಮಿಗೂ ಹಂಗ ಮಾಡ್ತಾನ."

"ಅಂವಗ ಕ್ಲಬ್ಬಿನವ್ರ ಮಾತ ಕೊಟ್ಟಿದ್ರಂತ, ಬಿಡ್ತೀವಿ ಅಂತ."

"ಕಾಗದದ ಮ್ಯಾಲ ಕೊಟ್ಟಿದ್ರೇನ?"

ಕೊನೆಯ ಪ್ರಶ್ನೆ ಕೇಳಿದವರು ಹುಡುಗರ ಪೈಕಿಯಲ್ಲ. ಮಂಟಪದ ಕಂಬಕ್ಕೆ ಬೆನ್ನು ಕೊಟ್ಟು ಕುಳಿತ ಕಾಕಾ. ಕೊಲ್ಹಾಪುರದಲ್ಲಿ ನೌಕರಿ ಮಾಡಿ, ಶಿವಾಜಿ ಪೇಠೆಯಲ್ಲಿ ಬಾಡಿಗೆ ಮನೆ ಹಿಡಿದು, ಪಿಂಚಣಿಯಾದ ಮೇಲೆ ಊರಿಗೆ ಮರಳಿ ಕಬ್ಬು ನೋಡಿಕೊಂಡಿರುವವರು. ಲಿವರ್‌ಪೂಲ್ ಎಲ್ಲಿದೆಯೋ ಅವರಿಗೆ ಗೊತ್ತಿಲ್ಲ. ಆದರೆ ಅವರ ಪ್ರಶ್ನೆ ನಾಟಿತು. ನ್ಯೂಕ್ಯಾಸಲ್ ಯುನೈಟೆಡ್ ತಂಡದ ಅಲೆಕ್ಸಾಂಡರ್ ಐಸಾಕ್ ಆ ಬೇಸಿಗೆಯೆಲ್ಲ ತಂಡದ ಜೊತೆ ಆಡಲಿಲ್ಲ; ಕೊಟ್ಟ ಮಾತು ಮುರಿದಿದ್ದಾರೆ ಎಂದು ಬಹಿರಂಗವಾಗಿ ಹೇಳಿದ. ಹಾಗೆ ಯಾರೂ ಮಾತು ಕೊಟ್ಟಿಲ್ಲ ಎಂದು ಕ್ಲಬ್ಬು ತಿರುಗಿ ಹೇಳಿಕೆ ಕೊಟ್ಟಿತು. ಕೊನೆಗೆ ಆತನನ್ನು ಲಿವರ್‌ಪೂಲ್ 12.5 ಕೋಟಿ ಪೌಂಡ್‌ಗೆ, ಅಂದರೆ 1,400 ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ತೆಗೆದುಕೊಂಡಿತು. ಬ್ರಿಟನ್ನಿನ ಮಟ್ಟಿಗೆ ಅದು ದಾಖಲೆ. ಅಷ್ಟು ದೊಡ್ಡ ವ್ಯವಹಾರದ ಜಗಳವೂ ಕಡೆಗೆ ಬಾಯಿಮಾತಿನ ಮೇಲೆಯೇ ಬಂದು ನಿಂತಿತ್ತು.

ಗಂಟೆ ಹನ್ನೊಂದು ದಾಟಿತು. ಕ್ರಿಸ್ಟಲ್ ಪ್ಯಾಲೇಸ್‌ನ ನಾಯಕ ಮಾರ್ಕ್ ಗುಯೆಹಿಯೂ ಲಿವರ್‌ಪೂಲ್‌ಗೆ ಬರುತ್ತಾನೆಂದು ಹುಡುಗರು ಚಹಾದ ಪಂಥ ಕಟ್ಟಿದ್ದರು. ಆತನ ಬದಲಿಗೆ ಪ್ಯಾಲೇಸ್‌ಗೆ ಸಿಗಬೇಕಾಗಿದ್ದ ಆಟಗಾರ ಸಿಗಲಿಲ್ಲ. ಪ್ಯಾಲೇಸ್ ಹಿಂದೆ ಸರಿಯಿತು. ಎಲ್ಲ ತಯಾರಾಗಿದ್ದ ಬೇತು ಮುರಿದುಬಿತ್ತು. ಲಿವರ್‌ಪೂಲ್‌ನ ಕೆಂಪು ಅಂಗಿ ತೊಟ್ಟ ಹುಡುಗ ಮೊಬೈಲನ್ನು ತಾಡಪತ್ರಿಯ ಮೇಲೆ ಬೋರಲು ಹಾಕಿದ. "ಮಂಟಪದಾಗ ಅಕ್ಕಿಕಾಳ ಹಾಕೂ ಮುಂದ ವರ ಎದ್ದ ಹ್ವಾದಂಗಾತು" ಎಂದರು ಕಾಕಾ. ಚಹಾ ಕೆಂಪು ಅಂಗಿಯವನ ಲೆಕ್ಕಕ್ಕೆ ಬಿತ್ತು.

ಅದೇ ದಿನ ಸಂಜೆ ತಜಿಕಿಸ್ತಾನದಲ್ಲಿ ಭಾರತ ತಂಡ ಇರಾನ್ ಎದುರು 0–3ರಿಂದ ಸೋತಿತ್ತು. ಹೊಸ ಕೋಚ್ ಖಾಲಿದ್ ಜಮೀಲ್ ಅವರ ಎರಡನೆಯ ಪಂದ್ಯ ಅದು. ಮೂರು ದಿನದ ಹಿಂದೆ ತಜಿಕಿಸ್ತಾನವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿದ್ದರು. ಮಂಟಪದಲ್ಲಿ ಇದರ ಸುದ್ದಿಯನ್ನು ಎತ್ತಿದವನು ಒಬ್ಬನೇ, ಬೆಂಗಳೂರಿನ ಕಂಪನಿಯಿಂದ ಗೌರಿ ಹಬ್ಬಕ್ಕೆ ರಜೆ ಹಾಕಿ ಬಂದ ನೀಲಿ ಅಂಗಿಯವನು. ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಗಂಟಲು ಹರಿದುಕೊಳ್ಳುವ ಬೆಂಗಳೂರು ಎಫ್‌ಸಿ ಅಭಿಮಾನಿ. ಅವನ ದುಃಖವೇ ಬೇರೆ. ಜುಲೈನಲ್ಲಿ ಆಶಿಕ್ ಕುರುನಿಯನ್ ಮೋಹನ್ ಬಾಗಾನ್ ಬಿಟ್ಟು ಹಳೆಯ ಮನೆಗೆ ಮರಳಿದ ಎಂದು ಕುಣಿದಿದ್ದ. ಅದೇ ತಿಂಗಳಲ್ಲಿ ಆ ಕ್ಲಬ್ಬುಗಳು ಆಡುವ ಲೀಗ್ ಐಎಸ್‌ಎಲ್ ನಡೆಯುವುದೇ ಅನುಮಾನ ಎಂದಾಯಿತು. ಭಾರತದ ಫುಟ್‌ಬಾಲ್ ಒಕ್ಕೂಟಕ್ಕೂ ಲೀಗ್ ನಡೆಸುವ ಕಂಪನಿಗೂ ಇದ್ದ ಒಪ್ಪಂದ ಆ ವರ್ಷದ ಡಿಸೆಂಬರಿಗೆ ಮುಗಿಯುತ್ತಿತ್ತು, ಮುಂದಿನದು ಆಗಿರಲಿಲ್ಲ. ಆಗಸ್ಟಿನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿಯಿತು.

"ಕಾಗದ ಇದ್ದೂ ಪಗಾರ ಇಲ್ಲ ಕಾಕಾ" ಎಂದ ನೀಲಿ ಅಂಗಿಯವನು.

"ಕಾಗದ ಇದ್ರ ಕೋರ್ಟಿಗರೆ ಹೋಗಬಹುದೋ ತಮ್ಮಾ. ನಮ್ಮ ಪೇಠೆದಾಗ ಹುಡುಗೂರ ಎಲ್ಲಿಗೆ ಹೋಗಬೇಕ?"

ಹನ್ನೊಂದೂವರೆ ಕಳೆದದ್ದೇ ಇಂಗ್ಲೆಂಡು ಮುಗಿಯಿತು, ಕೊಲ್ಹಾಪುರ ಶುರುವಾಯಿತು. ಇನ್ನು ಮಾತಿಗೆ ಗಡುವಿಲ್ಲ.

ಹೊರಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೊಲ್ಹಾಪುರವೆಂದರೆ ಕುಸ್ತಿ ಎಂದು ನಾವು ತಿಳಿದಿದ್ದೇವೆ. ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ಅಲ್ಲೇ ಇದೆ. ಆದರೆ ಪೇಠೆ ಪೇಠೆಗಳಲ್ಲಿ ಕೆಂಪುಮಣ್ಣಿನ ಅಖಾಡಕ್ಕೆಂದು ಹುಟ್ಟಿದ ತಾಲೀಮುಗಳೇ ಇಂದು ಫುಟ್‌ಬಾಲ್ ತಂಡಗಳು. ಪಾಟಾಕಡೀಲ ತಾಲೀಮ, ಖಂಡೋಬಾ ತಾಲೀಮ, ಬಾಲಗೋಪಾಲ, ದಿಲಬಹಾರ, ಶಿವಾಜಿ ತರುಣ ಮಂಡಳ, ಪ್ರ್ಯಾಕ್ಟಿಸ್ ಕ್ಲಬ್, ಸಂಧ್ಯಾಮಠ, ಫುಲೇವಾಡಿ. ಗಣಪತಿ ಕೂರಿಸುವವರೂ ಅವರೇ, ಶಿವಜಯಂತಿ ಮಾಡುವವರೂ ಅವರೇ, ಚೆಂಡು ಒದೆಯುವವರೂ ಅವರೇ. ಅರಮನೆಯ ಆಶ್ರಯದ ಕೊಲ್ಹಾಪುರ ಸ್ಪೋರ್ಟ್ಸ್ ಅಸೋಸಿಯೇಶನ್, ಎಲ್ಲರ ಬಾಯಲ್ಲಿ ಕೆಎಸ್‌ಎ, ಲೀಗ್ ನಡೆಸುತ್ತದೆ. ದೀಪಾವಳಿಯ ಸಡಗರ ಇಳಿದ ಮೇಲೆ ಶಾಹು ಕ್ರೀಡಾಂಗಣ ತುಂಬತೊಡಗುತ್ತದೆ. ಕಲ್ಲಿನ ಮೆಟ್ಟಿಲ ಮೇಲೆ ಹಲಗಿ, ಧ್ವಜ, ಸೀಟಿ, ಕಡಲೆಕಾಯಿ ಸಿಪ್ಪೆ. ಎದುರಾಳಿ ಪೇಠೆಯನ್ನು ಬೈಯುವುದಕ್ಕೆ ಹಾಡು ಕಟ್ಟುವುದೂ ಒಂದು ವಿದ್ಯೆ. ಕೆಲವೊಮ್ಮೆ ಆ ವಿದ್ಯೆ ಕಲ್ಲಿಗೆ ತಿರುಗಿ, ಆಟ ನಿಂತು, ಪೊಲೀಸರು ಬರುವುದೂ ಉಂಟು. ಅದನ್ನು ಪೇಠೆಯ ಸ್ವಾಭಿಮಾನವೆಂದು ಹೊಗಳುವವರ ಜೊತೆ ನಾನಿಲ್ಲ.

ಇಂಥ ಊರಿನಲ್ಲಿ ಆಟಗಾರ ತಂಡ ಬದಲಿಸುವುದೆಂದರೆ ಏನು? ಲಿವರ್‌ಪೂಲ್‌ಗೆ ಹೋದ ಐಸಾಕ್‌ಗೆ ನ್ಯೂಕ್ಯಾಸಲ್‌ನ ಹಾಲಿನವನು ದಿನಾ ಮುಂಜಾನೆ ಎದುರಾಗುವುದಿಲ್ಲ. ಮಂಗಳವಾರ ಪೇಠೆಯ ಹುಡುಗ ಶಿವಾಜಿ ಪೇಠೆಗೆ ಆಡಹೋದರೆ, ರಾತ್ರಿ ಮಲಗಲು ಬರಬೇಕಾದದ್ದು ಮಂಗಳವಾರ ಪೇಠೆಗೇ. ಚಹಾದಂಗಡಿಯವನು ಸಕ್ಕರೆ ಕಮ್ಮಿ ಹಾಕುತ್ತಾನೆ. ಅವ್ವನಿಗೆ ನೀರಿನ ನಳದ ಮುಂದೆ ಮಾತು ಕೇಳಬೇಕಾಗುತ್ತದೆ. ಅಣ್ಣ ಒಂದು ತಂಡ, ತಮ್ಮ ಇನ್ನೊಂದು ತಂಡವಾದರಂತೂ ಮನೆಯಲ್ಲಿ ಎರಡು ಒಲೆ ಹೂಡಿದಂತೆಯೇ.

ಮಳೆಗಾಲ ಸರಿಯುತ್ತಿದ್ದಂತೆ, ಹೊಸ ಸೀಸನ್ನಿನ ಆಟಗಾರರ ನೋಂದಣಿ ಹತ್ತಿರ ಬಂದಂತೆ, ಪೇಠೆಗಳ ಕಟ್ಟೆಗಳಲ್ಲಿ ಈ ಮಾತು ಏರುತ್ತದೆ. ಯಾರು ಉಳಿದರು, ಯಾರು ಹೋದರು, ಯಾರ ಮನೆಯ ಮುಂದೆ ಯಾರ ಗಾಡಿ ರಾತ್ರಿ ನಿಂತಿತ್ತು. ಅದರ ತುಣುಕುಗಳು ನಲವತ್ತೈವತ್ತು ಕಿಲೋಮೀಟರ್ ದೂರದ ಉದಗಾಂವದ ಮಂಟಪಕ್ಕೂ ಬಂದು ಬೀಳುತ್ತವೆ.

"ನಿಮ್ಮ ಗೋಲ್‌ಕೀಪರ್ ಈ ವರ್ಷ ಪಾಟಾಕಡೀಲಕ್ಕ ಬರ್ತಾನಂತಲ್ಲಾ ಕಾಕಾ?"

"ಬರ್ತಾನ, ಬರ್ತಾನ. ಹ್ವಾದ ವರ್ಷಾನೂ ಬರಾಂವ ಇದ್ದ."

"ಈ ಸಲ ಖರೇನ. ಬೈಕ್ ಕೊಡ್ತಾರಂತ."

"ಬೈಕ್ ಕೊಡ್ತಾರ, ಪೆಟ್ರೋಲ್ ಯಾರ ಹಾಕ್ತಾರ? ಜನವರ್ಯಾಗ ಮಣಕಾಲ ಮುರಕೊಂಡ್ರ ಯಾರ ನೋಡ್ತಾರ?"

ಏಜೆಂಟ್ ಎಂಬ ಮಾತು ಬಂದದ್ದು ಇಲ್ಲಿ. ಜೈಸಿಂಗಪುರದಲ್ಲಿ ಡಿಪ್ಲೊಮಾ ಓದುವ ಹುಡುಗನೊಬ್ಬ ತಾನೇ ಏಜೆಂಟ್ ಆಗುತ್ತೇನೆ ಎಂದ. ಫಿಫಾ 2023ರಿಂದ ಅದಕ್ಕೆ ಪರೀಕ್ಷೆ ಇಟ್ಟಿದೆ. ಇಪ್ಪತ್ತು ಪ್ರಶ್ನೆ, ಒಂದು ತಾಸು, ನೂರಕ್ಕೆ ಎಪ್ಪತ್ತೈದು ಬಂದರೆ ಪಾಸು, ಪುಸ್ತಕ ನೋಡಿ ಬರೆಯಲೂಬಹುದು. ಕಡೆಯ ಮಾತಿಗೆ ಮಂಟಪದಲ್ಲಿ ಬಹಳ ಉತ್ಸಾಹ ಕಂಡಿತು. 2015ರಲ್ಲಿ ಇದೇ ಫಿಫಾ ಲೈಸೆನ್ಸೇ ಬೇಡವೆಂದು ಬಾಗಿಲು ತೆರೆದಿಟ್ಟಿತ್ತು. ಅತ್ತೆಯ ಮಗ, ಮಾವನ ಅಳಿಯ ಎಲ್ಲರೂ ಒಳಗೆ ನುಗ್ಗಿದ ಮೇಲೆ ಮತ್ತೆ ಪರೀಕ್ಷೆ ತಂದಿತು. ದಲಾಲಿಗೂ ಮಿತಿ ಹಾಕಿತು: ವರ್ಷಕ್ಕೆ ಎರಡು ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವ ಆಟಗಾರನಿಂದ ಆ ಹೆಚ್ಚಿನ ಮೊತ್ತದ ಮೇಲೆ ಶೇ. 3, ಅದಕ್ಕಿಂತ ಕಡಿಮೆಯದಕ್ಕೆ ಶೇ. 5, ಮಾರುವ ಕ್ಲಬ್ಬಿನ ಪರ ನಿಂತರೆ ಶೇ. 10. ದೊಡ್ಡ ಏಜೆಂಟರು ಸುಮ್ಮನಿರುತ್ತಾರೆಯೇ? ಯುರೋಪಿನ ಕೋರ್ಟುಗಳಿಗೆ ಹೋದರು. ಮಿತಿಯ ನಿಯಮ ಜಗ್ಗಾಟದಲ್ಲಿ ಸಿಕ್ಕಿಕೊಂಡಿತು.

"ಮೆಸ್ಸಿಗೆ ಅಪ್ಪನ ಏಜೆಂಟ್, ಎಂಬಾಪೆಗೆ ಅವ್ವನ ಮಾತುಕತಿ ನಡಸ್ತಾಳ" ಎಂದ ಡಿಪ್ಲೊಮಾದವನು.

"ನೀ ಲೈಸನ್ಸ್ ತಗೊಂಡ ಯಾರನ್ನ ಮಾರ್ತೀ? ನಮ್ಮ ಎಮ್ಮಿ ಒಂದೈತಿ ನೋಡ."

ನಗು ಇಳಿದ ಮೇಲೆ ಕಾಕಾ ತಮ್ಮ ವ್ಯಾಖ್ಯಾನ ಕೊಟ್ಟರು. ಏಜೆಂಟ್ ಅಂದರೆ ಮುಕಾದಮ. ಕಬ್ಬಿನ ಸೀಮೆಯಲ್ಲಿ ಇದಕ್ಕಿಂತ ಸ್ಪಷ್ಟ ಮಾತಿಲ್ಲ. ಬೀಡ ಕಡೆಯಿಂದ ಕಬ್ಬು ಕಡಿಯುವ ಟೋಳಿ ಬರುತ್ತದೆ. ಹಂಗಾಮಿಗೆ ಮುಂಚೆ, ಇದೇ ಮಳೆಗಾಲದಲ್ಲಿ, ಮುಕಾದಮ ಉಚಲ, ಅಂದರೆ ಮುಂಗಡ ಹಣ ತಂದು ಟೋಳಿಗೆ ಹಂಚುತ್ತಾನೆ. ಹಣ ಹಿಡಿದ ಮೇಲೆ ಆ ಹಂಗಾಮು ನಿಮ್ಮ ಕೋಯ್ತಾ ಅವನದು. ಪೇಠೆಯಲ್ಲೂ ಹಾಗೇ: ಮುಂಗಡ ಹಿಡಿದ ಹುಡುಗ ಆ ಸೀಸನ್ನು ಆ ತಾಲೀಮಿನವನು.

ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧ ಮಾತ್ರ ಒಪ್ಪಬಹುದು. ಮುಕಾದಮ ಕೆಲಸ ಕೊಡುವವನ ಕಡೆಯವನು. ಏಜೆಂಟ್, ಕನಿಷ್ಠ ಪುಸ್ತಕದಲ್ಲಿ, ಆಟಗಾರನ ಕಡೆಯವನು. ಕೊಲ್ಹಾಪುರದ ಕಟ್ಟೆಯಲ್ಲಿ ಹುಡುಗನ ಕಡೆಯವರು ಯಾರೂ ಇರುವುದಿಲ್ಲ. ಮಾತು ಆಡಲು ಬರುವವರು ಹಿರಿಯ ಆಟಗಾರ, ಮಂಡಳದ ಅಧ್ಯಕ್ಷ, ಕೈ ಸಡಿಲವಿರುವ ಯಾರೋ ಒಬ್ಬ ಅಭಿಮಾನಿ. ಎಲ್ಲರೂ ತಂಡದವರೇ. ಮಾನಧನ ಎಂಬ ಮರ್ಯಾದೆಯ ಹೆಸರಿನಲ್ಲಿ ಮೊತ್ತ ಕುದುರುತ್ತದೆ. ದೇವರ ಭಂಡಾರ, ಅಂದರೆ ಅರಿಶಿನ ಮುಟ್ಟಿ ಆಣೆ ಮಾಡಿಸಿದರೆ ಮುಗಿಯಿತು.

ಕೆಲವು ವರ್ಷಗಳಿಂದ ನೈಜೀರಿಯಾ ಮೊದಲಾದ ಆಫ್ರಿಕಾದ ದೇಶಗಳ ಆಟಗಾರರೂ ಈ ತಂಡಗಳಿಗೆ ಆಡುತ್ತಿದ್ದಾರೆ. ಅವರ ಬಗ್ಗೆ ಮಂಟಪ ಎರಡು ಪಾಲಾಯಿತು. ನಮ್ಮ ಹುಡುಗರ ಜಾಗ ಹೋಯಿತು ಎಂದವರು ಕೆಲವರು. ಅವರ ಜೊತೆ ಆಡಿದ್ದಕ್ಕೇ ನಮ್ಮ ಡಿಫೆನ್ಸ್‌ನವರಿಗೆ ಮೈಯಲ್ಲಿ ಜೋರು ಬಂತು ಎಂದವರು ಕೆಲವರು. ಪೇಠೆಯವನಲ್ಲದವನು ಪೇಠೆಗೆ ಆಡಬಾರದು ಎನ್ನುವ ಕಾಕಾ, ಅಂಥ ಒಬ್ಬ ಆಟಗಾರ ತಮ್ಮ ತಂಡಕ್ಕೆ ಕೊನೆಯ ನಿಮಿಷದಲ್ಲಿ ಹೊಡೆದ ಗೋಲನ್ನು ಎದ್ದು ನಿಂತು ಅಭಿನಯಿಸಿ ತೋರಿಸಿದರು. ಧೋತರ ಜಾರುವುದರಲ್ಲಿತ್ತು.

ಗಡಹಿಂಗ್ಲಜದಲ್ಲಿ ಹೆಂಡತಿಯ ತವರಿರುವವನೊಬ್ಬ ಇಷ್ಟರಲ್ಲಿ ಮಾವನ ಊರಿನ ಪತಾಕೆ ಹಾರಿಸಿದ. ಸಂಕೇಶ್ವರದ ಪಕ್ಕದ ಆ ಊರಿನಲ್ಲಿ ಚೆಂಡಾಟ ಕೊಲ್ಹಾಪುರಕ್ಕೆ ಕಮ್ಮಿಯಿಲ್ಲ. ಗಡಹಿಂಗ್ಲಜ ಯುನೈಟೆಡ್‌ನವರು ದೀಪಾವಳಿಗೆ ನಡೆಸುವ ಪಂದ್ಯಾವಳಿಗೆ ಕೇರಳ, ಗೋವಾ, ಬೆಂಗಳೂರಿನಿಂದ ತಂಡಗಳು ಬರುತ್ತವೆ. ಹೊರಗಿನ ಕೋಚ್‌ಗಳ ಕಣ್ಣಿಗೆ ಹುಡುಗರು ಬೀಳುವುದು ಅಲ್ಲಿ ಎಂಬುದು ಅವನ ವಾದ. ಬೀಳುವುದು ಹೌದು, ಆದರೆ ಮೇಲೇಳಲು ಊರು ಬಿಡಬೇಕು. ರಿಕ್ಷಾ ಚಾಲಕನ ಮಗ ಅನಿಕೇತ ಜಾಧವ ಕೊಲ್ಹಾಪುರ ಬಿಟ್ಟು ಪುಣೆಯ ಕ್ರೀಡಾ ಪ್ರಬೋಧಿನಿ ಸೇರಿದ್ದಕ್ಕೇ 2017ರಲ್ಲಿ ದಿಲ್ಲಿಯಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಆಡಿದ್ದು. ಆಮೇಲೆ ಜಮ್ಶೆಡ್‌ಪುರ, ಹೈದರಾಬಾದ್, ಒಡಿಶಾ ಎಂದು ತಂಡ ಬದಲಿಸಿದ್ದು. ಅವನು ಪ್ರತಿ ಸಲ ಅಂಗಿ ಬದಲಿಸಿದಾಗಲೂ ಕೊಲ್ಹಾಪುರದಲ್ಲಿ ಅಭಿನಂದನೆಯ ಮಾತು. ಅದೇ ಕೊಲ್ಹಾಪುರದಲ್ಲಿ ರಸ್ತೆ ದಾಟಿ ಪಕ್ಕದ ತಾಲೀಮಿಗೆ ಹೋದವನು ಗದ್ದಾರ. ದೂರ ಹೋದರೆ ಪ್ರಗತಿ, ಹತ್ತಿರ ಹೋದರೆ ದ್ರೋಹ. ಈ ನ್ಯಾಯ ನನಗೆ ಎಂದೂ ಅರ್ಥವಾಗಿಲ್ಲ. ಇಬ್ಬರೂ ಹೋದದ್ದು ಹೊಟ್ಟೆಪಾಡಿಗೇ.

ಒಂದು ಗಂಟೆ ಹೊತ್ತಿಗೆ ಕಾಕಾ ಎದ್ದರು. ಡಿಪ್ಲೊಮಾದ ಹುಡುಗ ಇನ್ನೂ ಫಿಫಾದ ನಿಯಮಗಳ ಪಿಡಿಎಫ್ ಓದುತ್ತಿದ್ದ. ಅದರಲ್ಲಿ ಒಂದು ಕಲಮು ಅವನು ಗಟ್ಟಿಯಾಗಿ ಕನ್ನಡದಲ್ಲಿ ಹೇಳಿದ: ಕ್ಲಬ್ಬಿನ ಜೊತೆ ಬರಹದ ಕರಾರು ಇದ್ದು, ಖರ್ಚಿಗಿಂತ ಹೆಚ್ಚು ಹಣ ಪಡೆಯುವವನು ವೃತ್ತಿಪರ ಆಟಗಾರ, ಉಳಿದವರೆಲ್ಲ ಹವ್ಯಾಸಿಗಳು. ಅಂದರೆ ಬೈಕ್ ಸಿಕ್ಕರೂ, ಕೈಗೆ ಲಕ್ಷ ಬಂದರೂ, ಕಾಗದವಿಲ್ಲದ ಪೇಠೆಯ ಹುಡುಗ ಫಿಫಾದ ಕಣ್ಣಿನಲ್ಲಿ ಹವ್ಯಾಸಕ್ಕೆ ಆಡುವವನು. ಹಣ ಬಾಕಿ ಉಳಿದರೆ ದೂರು ಕೊಡಲು ಅವನ ಕೈಯಲ್ಲಿ ತೋರಿಸಲು ಏನೂ ಇಲ್ಲ. ಬೈಚುಂಗ್ ಭುಟಿಯಾ ಮೊದಲಾದವರು 2006ರಲ್ಲಿ ಕಟ್ಟಿದ ಆಟಗಾರರ ಸಂಘವೂ ಬಾಯಿಮಾತಿನ ಬೆನ್ನು ಹತ್ತಿ ಏನೂ ಮಾಡಲಾರದು.

ತಾಲೀಮುಗಳ ಹಿರಿಯರಿಗೆ ಒಂದೇ ವಿನಂತಿ. ಈ ಸಲ ಯಾವ ಹುಡುಗನನ್ನು ಯಾವ ಪೇಠೆಯಿಂದಲಾದರೂ ಕರೆತನ್ನಿ, ಭಂಡಾರದ ಆಣೆಯನ್ನೂ ಮಾಡಿಸಿ. ಅದರ ಜೊತೆಗೆ ಒಂದು ಹಾಳೆಯ ಮೇಲೆ ಮೊತ್ತ ಎಷ್ಟು, ಯಾವ ತಾರೀಖಿಗೆ, ಮೊಣಕಾಲು ಮುರಿದರೆ ದವಾಖಾನೆಯ ಖರ್ಚು ಯಾರದು ಎಂದು ಬರೆದು, ಎರಡೂ ಕಡೆಯವರು ಸಹಿ ಹಾಕಿ, ಒಂದು ಪ್ರತಿ ಹುಡುಗನ ಅವ್ವನ ಕೈಗೆ ಕೊಡಿ.